ಕಡಲ ಸ್ಪಂಜಿನ ಮದ್ದು

ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡು ಎಂದು ಸಮಿತಿಯವರು ಹೇಳಿದ್ದಾರೆ. ಅದಕ್ಕೂ ಬರುತ್ತೇನೆ, ಮೊದಲು ಸಮುದ್ರಕ್ಕೆ ಹೋಗೋಣ.

ಪ್ರಾಣಿಗಳ ವರ್ಗೀಕರಣದ ಪಾಠದಲ್ಲಿ ‘ಪೊರಿಫೆರಾ’ ಎಂಬ ಹೆಸರು ಬರುತ್ತದೆ. ಒಂದು ಅಂಕಕ್ಕೆ ಬಾಯಿಪಾಠ ಮಾಡಿ ಮರೆಯುತ್ತೇವೆ. ಅವೇ ಸ್ಪಂಜುಗಳು. ಬಂಡೆಗೆ ಅಂಟಿಕೊಂಡಲ್ಲೇ ಅವುಗಳ ಆಯುಷ್ಯ ಕಳೆಯುತ್ತದೆ. ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ, ಮೈತುಂಬ ತೂತು. ಆ ತೂತುಗಳಿಂದ ಹಗಲಿರುಳು ನೀರೆಳೆದು, ಅದರಲ್ಲಿನ ಬ್ಯಾಕ್ಟೀರಿಯಾಗಳನ್ನು ಸೋಸಿ ತಿನ್ನುತ್ತವೆ. ಒಂದು ಚಮಚ ಸಮುದ್ರದ ನೀರಿನಲ್ಲಿ ಅವು ಲಕ್ಷಗಟ್ಟಲೆ ಇರುತ್ತವೆ. ಅಷ್ಟರ ನಡುವೆಯೂ ಕೊಳೆಯದೆ ಬದುಕುವುದು ಹೇಗೆ?

ಮೆಡಿಟರೇನಿಯನ್ ಸಮುದ್ರದಲ್ಲಿ ಅಪ್ಲೈಸಿನಾ ಎಂಬ ಹಳದಿ ಸ್ಪಂಜು ಇದೆ. ಅದರ ಮೈಯಲ್ಲಿ ಬ್ರೋಮಿನ್ ಸೇರಿದ ಸಂಯುಕ್ತಗಳ ದಾಸ್ತಾನಿರುತ್ತದೆ. ಗಾಯವಾದರೆ ಕಿಣ್ವಗಳು ಅದನ್ನು ಒಡೆದು, ಬ್ಯಾಕ್ಟೀರಿಯಾ ಕೊಲ್ಲುವ ಏರೋಪ್ಲೈಸಿನಿನ್ ತಯಾರಿಸುತ್ತವೆ. ಗಾಯವಾದ ಜಾಗದಲ್ಲೇ, ಗಾಯವಾದಾಗಲೇ. ನಾವು ಗಾಯಕ್ಕೆ ಅರಿಸಿನ ಹಚ್ಚುತ್ತೇವಲ್ಲ, ಇದಕ್ಕೆ ಅರಿಸಿನ ಒಳಗೇ ಇದೆ!

ಇಂಥದ್ದರಿಂದ ಔಷಧ ಬಂದಿದೆಯೇ? ಬಂದಿದೆ. 1950ರ ದಶಕದ ಆರಂಭದಲ್ಲಿ ವರ್ನರ್ ಬರ್ಗ್‌ಮನ್ ಎಂಬ ವಿಜ್ಞಾನಿ ಫ್ಲಾರಿಡಾ ಕರಾವಳಿಯ ಸ್ಪಂಜಿನಲ್ಲಿ, ಡಿಎನ್‌ಎ ಕಟ್ಟುವ ಇಟ್ಟಿಗೆಗಳನ್ನೇ ಹೋಲುವ ವಸ್ತುಗಳನ್ನು ಕಂಡರು. ಅದೇ ಮಾದರಿಯ ಸೈಟರಬೀನ್ 1969ರಿಂದ ರಕ್ತ ಕ್ಯಾನ್ಸರಿಗೆ ಬಳಕೆಯಲ್ಲಿದೆ. ವಿಡರಬೀನ್ ಹರ್ಪಿಸ್ ವೈರಸ್ಸಿಗೆ ಮದ್ದಾಯಿತು.

ಆದರೆ ಬ್ಯಾಕ್ಟೀರಿಯಾ ಸೋಂಕಿಗೆ ಸ್ಪಂಜಿನ ಮಾತ್ರೆ ಇನ್ನೂ ಅಂಗಡಿಗೆ ಬಂದಿಲ್ಲ. ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಅನೇಕ ಸಲ ನಮ್ಮ ಜೀವಕೋಶವನ್ನೂ ಬಿಡುವುದಿಲ್ಲ. ಇನ್ನು, ಸಿಗುವುದು ಎಷ್ಟು? ಜಪಾನಿನಲ್ಲಿ 600 ಕಿಲೋ ಸ್ಪಂಜು ಅರೆದಾಗ ಹ್ಯಾಲಿಕಾಂಡ್ರಿನ್ ಬಿ ಎಂಬ ವಸ್ತು ಸಿಕ್ಕಿದ್ದು 12.5 ಮಿಲಿಗ್ರಾಂ. ಹೀಗೆ ಅರೆಯುತ್ತಾ ಹೋದರೆ ಸಮುದ್ರದಲ್ಲಿ ಏನು ಉಳಿಯುತ್ತದೆ?

ಇಲ್ಲಿ ಕಂಪ್ಯೂಟರ್ ಬರುತ್ತದೆ. ಥಿಯೊನೆಲ್ಲಾ ಎಂಬ ಸ್ಪಂಜಿನ ಹತ್ತಾರು ರಾಸಾಯನಿಕಗಳನ್ನು ತಯಾರಿಸುವುದು ಸ್ಪಂಜಲ್ಲ, ಅದರೊಳಗೆ ವಾಸಿಸುವ ಎಂಟೊಥಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಎಂದು 2014ರಲ್ಲಿ ಡಿಎನ್‌ಎ ಓದಿ ಕಂಡುಕೊಂಡರು. ಕೋಟಿಗಟ್ಟಲೆ ಅಕ್ಷರಗಳ ರಾಶಿಯಲ್ಲಿ ಬೇಕಾದ ಜೀನು ಹುಡುಕುವುದು ತಂತ್ರಾಂಶದ ಕೆಲಸ. ನಾನು ಮಾಡುವುದು ಬ್ಯಾಂಕಿನ ತಂತ್ರಾಂಶ, ಅದೇ ಬೇರೆ ಸಂತೆ. ಜೀವಶಾಸ್ತ್ರವೂ ಗಣಿತವೂ ಇಷ್ಟವಿರುವ ಮಕ್ಕಳು ಈ ದಾರಿ ನೋಡಿಕೊಳ್ಳಿ.

ಇದೆಲ್ಲ ನನ್ನ ತಲೆಗೆ ಹೊಕ್ಕಿದ್ದು ಹೋದ ವರ್ಷ ಅಮ್ಮನಿಗೆ ಮೂತ್ರದ ಸೋಂಕಾದಾಗ. ಕಲ್ಚರ್ ವರದಿಯಲ್ಲಿ 14 ಔಷಧಗಳ ಹೆಸರಿತ್ತು. 11ರ ಮುಂದೆ ‘ಆರ್’ ಅಕ್ಷರ, ಅಂದರೆ ಆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುವುದಿಲ್ಲ. ಉಳಿದ ಮೂರರಲ್ಲಿ ಒಂದನ್ನು ಹತ್ತು ದಿನ ಇಂಜೆಕ್ಷನ್ ಕೊಟ್ಟು ಉಳಿಸಿಕೊಂಡರು. ಅಮ್ಮ ಇವತ್ತು ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಜ್ವರ ಬಂದರೆ ಚೀಟಿಯಿಲ್ಲದೆ ಎರಡು ಮಾತ್ರೆ ಕೇಳುವ, ಕೊಡುವ ಅಭ್ಯಾಸ ನಮ್ಮೂರಲ್ಲಿದೆ. ಬೇಸರ ಮಾಡಿಕೊಳ್ಳಬೇಡಿ, ಅಂಗಡಿಯವರೂ ನನ್ನ ಸ್ನೇಹಿತರೇ. ಆ ಮೂರನ್ನೂ ಕಳೆದುಕೊಂಡರೆ ನಾಲ್ಕನೆಯದು ಸದ್ಯಕ್ಕೆ ಸಮುದ್ರದ ತಳದಲ್ಲಿದೆ.

ನಮ್ಮ ಬ್ಯಾಚಿನಿಂದ ಶಾಲೆಗೆ ಸೂಕ್ಷ್ಮದರ್ಶಕ ಕೊಡುತ್ತಿದ್ದೇವೆ. ಸಿಹಿನೀರಿನಲ್ಲೂ ಸ್ಪಂಜುಗಳಿವೆ ಮಕ್ಕಳೇ. ಬೇಸಿಗೆಯಲ್ಲಿ ಕೆರೆ ಇಳಿದಾಗ, ಮುಳುಗಿದ್ದ ಕಟ್ಟಿಗೆಯ ಮೇಲೆ ಒರಟು ಪದರವಿದೆಯೇ ಎಂದು ಮೇಷ್ಟರ ಜೊತೆ ಹೋಗಿ ಹುಡುಕಿ. ಬರಿಗೈಲಿ ಮುಟ್ಟಬೇಡಿ, ತುರಿಸುತ್ತದೆ. ಸ್ಪಂಜೇ ಆಗಿದ್ದರೆ ಗಾಜಿನ ಸೂಜಿಗಳಂಥ ಕಡ್ಡಿಗಳು ಕಾಣುತ್ತವೆ. ಸಿಕ್ಕರೆ ನನಗೊಂದು ಫೋನ್ ಮಾಡಿ.