ಮಗು ರೊಟ್ಟಿ ಬೇಡ ಅಂದರೆ



ಇವತ್ತು ನಾವು ಮಕ್ಕಳ ದವಡೆಯ ಬಗ್ಗೆ ಮಾತಾಡೋಣ.

ಕೀಲುನೋವು ಮುದುಕರ ಕಾಯಿಲೆ ಅಂತೀವಿ. ಆದರೆ ಅದು ಮಕ್ಕಳಿಗೂ ಬರುತ್ತದೆ. ಹೆಣ್ಣುಮಕ್ಕಳಲ್ಲಿ ಹೆಚ್ಚು. 16 ವರ್ಷದೊಳಗಿನ ಮಗುವಿನ ಕೀಲು ಊದಿ, 6 ವಾರವಾದರೂ ಇಳಿಯದಿದ್ದರೆ ಅದು ಸಂಧಿವಾತ ಇರಬಹುದು. ಮಂಡಿಗೆ ಬರುವ ಹಾಗೆ ದವಡೆಯ ಕೀಲಿಗೂ ಇದು ಬರುತ್ತದೆ.

ಇದು ಗ್ರಹಣ ಹಿಡಿದದ್ದಲ್ಲ. ತಾಯಿಯ ತಪ್ಪೂ ಅಲ್ಲ. ರೋಗದ ಜೊತೆ ಹೋರಾಡಬೇಕಾದ ಮೈಯ ಶಕ್ತಿಯೇ ದಾರಿ ತಪ್ಪಿ ಕೀಲಿನ ಮೇಲೆ ಬೀಳುತ್ತದೆ.

ದವಡೆಯ ಕೀಲು ಎಲ್ಲಿದೆ? ಕಿವಿಯ ಮುಂದೆ ಬೆರಳಿಡಿ. ಬಾಯಿ ತೆರೆದು ಮುಚ್ಚಿ. ಬೆರಳಿನ ಕೆಳಗೆ ಆಡುತ್ತದಲ್ಲ, ಅದೇ. ಕೆಳದವಡೆ ಬೆಳೆಯುವ ಮುಖ್ಯ ಜಾಗವೂ ಅದೇ. ಅಲ್ಲಿ ಉರಿಯೂತ ಬಂದರೆ ಬೆಳವಣಿಗೆ ಕುಂಟುತ್ತದೆ. ಒಂದೇ ಕಡೆ ಬಂದರೆ ಗದ್ದ ಆ ಕಡೆಗೆ ವಾಲುತ್ತದೆ. ಎರಡೂ ಕಡೆ ಬಂದರೆ ಗದ್ದ ಚಿಕ್ಕದಾಗಿ ಹಿಂದೆ ಉಳಿಯುತ್ತದೆ.

ಎಷ್ಟೋ ಮಕ್ಕಳಿಗೆ ನೋವೇ ಇರೋದಿಲ್ಲ. ಆದ್ದರಿಂದ ನಾವೇ ಗಮನಿಸಬೇಕು. ಬೆಳಿಗ್ಗೆ ಬಾಯಿ ಬಿಗಿಯುತ್ತದೆಯೇ? ರೊಟ್ಟಿ ಬಿಟ್ಟು ಬರೀ ಅನ್ನ ಕೇಳುತ್ತದೆಯೇ? ಆಕಳಿಸಿದಾಗ ಗದ್ದ ಒಂದು ಕಡೆ ಸರಿಯುತ್ತದೆಯೇ? ಮಗುವಿನದೇ ಮೂರು ಬೆರಳು ಒಂದರ ಮೇಲೊಂದು ಇರುವಂತೆ ಮೇಲಿನ, ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ಇಡಿಸಿ. ಹಿಡಿಸದಿದ್ದರೆ ವೈದ್ಯರಿಗೆ ತೋರಿಸಿ.

ಇಂಥ ಮಗುವನ್ನು ಹಠಮಾರಿ ಅಂತ ಬೈತೀವಿ. ಜೊತೆಯ ಮಕ್ಕಳು ಸೊಟ್ಟಮೂತಿ ಅಂತಾರೆ. ಮಗು ನಗೋದು ಬಿಡುತ್ತದೆ. ಶಾಲೆಯ ಬಿಸಿಯೂಟ ಅರ್ಧಕ್ಕೇ ಬಿಟ್ಟು ಏಳುತ್ತದೆ. ಮೈ ಸೊರಗುತ್ತದೆ, ಮನಸ್ಸೂ ಸೊರಗುತ್ತದೆ.

ಇದಕ್ಕೆ ಚಿಕಿತ್ಸೆ ಇದೆ. ಕೀಲುರೋಗದ ವೈದ್ಯರು ಔಷಧ ಕೊಟ್ಟು ಉರಿಯೂತ ಇಳಿಸುತ್ತಾರೆ. ಹಲ್ಲಿನ ವೈದ್ಯರು ಬಾಯಿಯ ಅಚ್ಚು ತೆಗೆದು ಪ್ಲೇಟು ಮಾಡಿ ಕೊಡುತ್ತಾರೆ. ಅದು ಕೀಲಿನ ಭಾರ ಇಳಿಸುತ್ತದೆ. ಬೆಳೆಯುವ ದವಡೆಗೆ ಆಸರೆಯಾಗುತ್ತದೆ. ಕೆಲವರಿಗೆ ಆಮೇಲೆ ಕ್ಲಿಪ್ಪೂ ಬೇಕಾಗುತ್ತದೆ. ಇದೆಲ್ಲ ಬರೀ ಅಂದಕ್ಕಲ್ಲ. ಅಗಿಯೋಕೆ, ಮಾತಾಡೋಕೆ, ನಗೋಕೆ ಬೇಕು. ಪ್ಲೇಟು ಹಾಕಿದೆವು ಅಂತ ಔಷಧ ಬಿಡಬಾರದು. ಬೆಳೆಯುವ ವಯಸ್ಸು ದಾಟಿದ ಮೇಲೆ ಕೆಲವರಿಗೆ ಆಪರೇಷನ್ನೇ ಬೇಕಾದೀತು. ಈ ಕಾಯಿಲೆ ಸದ್ದಿಲ್ಲದೆ ಕಣ್ಣಿಗೂ ಬರುತ್ತದೆ. ಕಣ್ಣು ಕೂಡ ತೋರಿಸಿ.

2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಅದರ ವೈದ್ಯರು ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರುತ್ತಾರೆ. ಅವರನ್ನು ಕೇಳಿ. ಆಶಾ ಕಾರ್ಯಕರ್ತೆಯನ್ನೂ ಕೇಳಿ.

ಹೆಣ್ಣುಮಗು, ನಾಳೆ ನೋಡೋಣ ಅಂತ ಮುಂದೂಡಬೇಡಿ. ಈಗ ನಮಗೆ ಓದಲು ಬರುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ಮತ್ತೆ ಬರಬೇಕಾದ ತಾರೀಖು ಇರುತ್ತದೆ. ಅದನ್ನು ನಾವೇ ಓದೋಣ. ಆ ದಿನ ಮಗುವನ್ನು ಕರೆದುಕೊಂಡು ಹೋಗೋಣ.