ನಗೆಪಾಟಲಿನ ಚಿತ್ರಗಳು: ಶಾಲೆ, ಗೆಳೆತನ ಮತ್ತು ಕಾಮಿಕ್ಸ್ ಕಾದಂಬರಿ



ಅಮೆರಿಕದ ಜೆಫ್ ಕಿನ್ನಿ 2007ರಲ್ಲಿ ಪ್ರಕಟಿಸಿದ ‘ಡೈರಿ ಆಫ್ ಎ ವಿಂಪಿ ಕಿಡ್’ ಪುಸ್ತಕದ ಶುರುವಿನಲ್ಲೇ ಗ್ರೆಗ್ ಹೆಫ್ಲಿ ಎಂಬ ಹುಡುಗ ಒಂದು ಲೆಕ್ಕ ಹಾಕುತ್ತಾನೆ. ಶಾಲೆಯಲ್ಲಿ ಯಾರು ಎಷ್ಟು ಜನಪ್ರಿಯರು ಎಂದು ಪಟ್ಟಿ ಮಾಡಿದರೆ ತಾನು 52ನೆಯವನೋ 53ನೆಯವನೋ ಇರಬೇಕು. ಸದ್ಯದಲ್ಲೇ ಒಂದು ಸ್ಥಾನ ಮೇಲೇರುವ ಆಸೆಯೂ ಅವನಿಗಿದೆ. ಯಾಕೆಂದರೆ ಅವನಿಗಿಂತ ಮೇಲಿರುವ ಹುಡುಗನೊಬ್ಬ ಹಲ್ಲಿಗೆ ಕ್ಲಿಪ್ ಹಾಕಿಸಿಕೊಳ್ಳಲಿದ್ದಾನೆ!

ಇದನ್ನು ಓದಿ ನಾವು ನಗುತ್ತೇವೆ. ಮೂರು ವರ್ಷ ಕಳೆದು, 2010ರಲ್ಲಿ, ರೈನಾ ಟೆಲ್ಗೆಮೈಯರ್ ಅವರ ‘ಸ್ಮೈಲ್’ ಬಂತು. ಅದು ಕ್ಲಿಪ್ ಹಾಕಿಸಿಕೊಂಡವಳ ಕಡೆಯಿಂದ ಹೇಳಿದ ಕಥೆ. ಆರನೇ ತರಗತಿಯ ಹುಡುಗಿ ಓಡುತ್ತ ಮುಗ್ಗರಿಸಿ ಬೀಳುತ್ತಾಳೆ. ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಉದುರುತ್ತದೆ, ಇನ್ನೊಂದು ವಸಡಿನೊಳಕ್ಕೆ ಹೂತುಹೋಗುತ್ತದೆ. ಅಲ್ಲಿಂದ ವರ್ಷಗಟ್ಟಲೆ ದಂತವೈದ್ಯರ ಕುರ್ಚಿ, ತಂತಿ, ಕಟ್ಟಿಸಿದ ಹಲ್ಲು. ಗ್ರೆಗ್‌ನ ಪಟ್ಟಿಯಲ್ಲಿ ಕೆಳಕ್ಕೆ ಜಾರಿದವರಿಗೆ ಏನಾಗುತ್ತದೆ ಎಂಬುದು ಇಲ್ಲಿ ಇನ್ನೂರಕ್ಕೂ ಹೆಚ್ಚು ಪುಟಗಳಲ್ಲಿದೆ. ಆದರೂ ಇದು ನಗಿಸುವ ಪುಸ್ತಕವೇ. ನಾನಿವತ್ತು ಮಾತಾಡಬೇಕೆಂದುಕೊಂಡಿರುವುದು ಈ ಎರಡು ನಗುಗಳ ಬಗ್ಗೆ. ಒಂದು, ಚಿತ್ರದ ಚೌಕಟ್ಟಿನೊಳಗೆ ಮಕ್ಕಳು ಒಬ್ಬರನ್ನೊಬ್ಬರು ನೋಡಿ ನಗುವ ನಗು. ಇನ್ನೊಂದು, ಪುಸ್ತಕ ಹಿಡಿದ ಮಗು ಹೊರಗೆ ಕೂತು ನಗುವ ನಗು.

‘ಸ್ಮೈಲ್’ನಲ್ಲಿ ರೈನಾಳ ಗೆಳತಿಯರು ದುಷ್ಟರಂತೆ ಕಾಣುವುದಿಲ್ಲ. ದುಂಡು ಮುಖ, ತಿಳಿಬಣ್ಣ, ಬಾಯಿತುಂಬ ನಗು. ಅವರು ಮಾಡುವುದೆಲ್ಲ ತಮಾಷೆಯೇ. ಅವಳ ಹಲ್ಲಿನ ಬಗ್ಗೆ ತಮಾಷೆ, ಬಟ್ಟೆಯ ಬಗ್ಗೆ ತಮಾಷೆ. ಒಂದು ದಿನ ಎಲ್ಲರೆದುರು ಅವಳ ಸ್ಕರ್ಟನ್ನು ಕೆಳಗೆಳೆಯುವುದೂ ತಮಾಷೆ. ನಮ್ಮಲ್ಲೂ ಈ ಮಾತು ಚಾಲ್ತಿಯಲ್ಲಿದೆ: ‘ತಮಾಷೆಗೆ ಅಂದ್ರೆ ಇಷ್ಟು ಸೀರಿಯಸ್ ಆಗ್ತೀಯಲ್ಲೇ!’ ಅಂದವಳು ಬಚಾವು, ಅನ್ನಿಸಿಕೊಂಡವಳೇ ತಪ್ಪಿತಸ್ಥೆ. ಗದ್ಯದಲ್ಲಿ ಈ ಪ್ರಸಂಗವನ್ನು ಬರೆಯುವವರು ಒಂದಾದ ಮೇಲೊಂದನ್ನು ಹೇಳಬೇಕು: ಅವಳು ನಕ್ಕಳು, ಇವಳು ನಗಲಿಲ್ಲ, ಮತ್ತೊಬ್ಬಳು ಹೆದರಿ ನಕ್ಕಳು. ಚಿತ್ರದಲ್ಲಿ ಈ ಮೂರೂ ಒಂದೇ ಕ್ಷಣಕ್ಕೆ, ಒಂದೇ ಚೌಕದಲ್ಲಿ ಇರುತ್ತವೆ. ಓದುವ ಮಗುವಿನ ಕಣ್ಣು ತಾನಾಗಿಯೇ ನಗದವಳ ಮೇಲೆ ಹೋಗಿ ನಿಲ್ಲುತ್ತದೆ. ಕ್ಲಾಸಿನಲ್ಲಿ ನಗುವವರ ನಡುವೆ ಕೂತಾಗ ಆ ಮುಖ ಅದೇ ಮಗುವಿಗೆ ಕಂಡಿರುವುದಿಲ್ಲ. ಈ ಕೆಲಸಕ್ಕೆ ಕಾಮಿಕ್ಸ್‌ಗಿಂತ ತಕ್ಕ ಮಾಧ್ಯಮ ನನಗೆ ಬೇರೆ ಕಾಣುತ್ತಿಲ್ಲ.

ಶ್ಯಾನನ್ ಹೇಲ್ ಬರೆದು, ಲೆವಿನ್ ಫಾಮ್ ಚಿತ್ರ ಬಿಡಿಸಿದ ‘ರಿಯಲ್ ಫ್ರೆಂಡ್ಸ್’ (2017) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲೊಂದು ಹುಡುಗಿಯರ ಗುಂಪು. ಅದರ ಹೆಸರೇ ‘ಗುಂಪು’. ಬೇರೆ ವಿಶೇಷಣ ಬೇಕಿಲ್ಲ. ನಾಯಕಿ ಜೆನ್. ಅವಳಿಗೆ ಯಾರು ಹೆಚ್ಚು ಇಷ್ಟವೋ ಅವರು ಅವಳ ಹಿಂದೆ ಮೊದಲು, ಕಡಿಮೆ ಇಷ್ಟದವರು ಕೊನೆಗೆ, ಹೀಗೆ ಸಾಲು. ಲೇಖಕಿಯ ಬಾಲ್ಯರೂಪವಾದ ಪುಟ್ಟ ಶ್ಯಾನನ್ ಸಾಲಿನ ತುದಿಯಲ್ಲಿ ಜೋತುಬಿದ್ದಿರುತ್ತಾಳೆ. ಶಾಲೆಯ ಜನಪ್ರಿಯತೆ ಅಂದರೆ ಕಡೆಗೂ ಜಾಗದ ಪ್ರಶ್ನೆ: ಯಾರ ಪಕ್ಕ ಯಾರು, ಯಾರ ಹಿಂದೆ ಯಾರು, ಯಾರ ಬೆನ್ನು ಯಾರ ಕಡೆಗೆ. ಚಿತ್ರಕಾರರ ಕಸುಬೂ ಜಾಗವನ್ನು ಹಂಚುವುದೇ. ಹಾಗಾಗಿ ವಿಷಯಕ್ಕೂ ಮಾಧ್ಯಮಕ್ಕೂ ಇಲ್ಲಿ ಸಲೀಸಾಗಿ ಹೊಂದಿಕೆಯಾಗಿದೆ. ಫಾಮ್ ಅವರ ಇನ್ನೊಂದು ಜಾಣತನವನ್ನೂ ಹೇಳಬೇಕು. ಮನೆಯಲ್ಲಿ ಸಿಡುಕುವ ಅಕ್ಕನನ್ನು ಅವರು ಆಗಾಗ ಕರಡಿಯಾಗಿ ಬಿಡಿಸುತ್ತಾರೆ. ತಂಗಿಗೆ ಆ ಹೊತ್ತಿಗೆ ಕಂಡದ್ದು ಕರಡಿಯೇ ತಾನೆ? ಅಕ್ಕನಿಗೂ ಅವಳದೇ ಸಂಕಟಗಳಿವೆ ಎಂಬುದು ನಮಗೆ ಆಮೇಲೆ ತಿಳಿಯುತ್ತದೆ.

ವಿಂಪಿ ಕಿಡ್‌ಗೆ ಮತ್ತೆ ಬರುತ್ತೇನೆ. ಅದರಲ್ಲಿ ‘ಚೀಸ್ ಟಚ್’ ಎಂಬ ಆಟವಿದೆ. ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಬಿದ್ದು ಬೂಸ್ಟು ಹಿಡಿದ ಚೀಸಿನ ಚೂರನ್ನು ಯಾರಾದರೂ ಮುಟ್ಟಿದರೆ ಆ ಮಗುವನ್ನು ಎಲ್ಲರೂ ದೂರ ಇಡುತ್ತಾರೆ. ಬೇರೆಯವರನ್ನು ಮುಟ್ಟಿ ಮೈಲಿಗೆಯನ್ನು ದಾಟಿಸುವವರೆಗೂ ಅದಕ್ಕೆ ಬಿಡುಗಡೆಯಿಲ್ಲ. ಅಮೆರಿಕದ ಮಕ್ಕಳು ಬಿದ್ದು ಬಿದ್ದು ನಗುವ ಪುಟ ಅದು. ನಾನೂ ನಕ್ಕೆ, ಆದರೆ ನಗು ಗಂಟಲಲ್ಲೇ ಸಿಕ್ಕಿಕೊಂಡಿತು. ಮುಟ್ಟಿದರೆ ಮೈಲಿಗೆ ಎಂಬುದನ್ನು ಆಟದ ಮೈದಾನದಲ್ಲಿ ಕಲಿಯುವ ಮೊದಲೇ ಮನೆಯಲ್ಲಿ ಕಲಿತು ಬರುವ ಮಕ್ಕಳಿರುವ ನಾಡು ನಮ್ಮದು. ಕಿನ್ನಿಯವರಿಗೆ ಆ ನೆನಪಿನ ಭಾರವಿಲ್ಲ, ಅದು ಅವರ ತಪ್ಪೂ ಅಲ್ಲ. ಆದರೆ ಈ ಪುಸ್ತಕಗಳನ್ನು ನಮ್ಮ ಮಕ್ಕಳ ಕೈಗಿಡುವಾಗ ನಾವು ಅದನ್ನು ಮರೆಯುವಂತಿಲ್ಲ.

ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಸೀಸ್ ಬೆಲ್ ಅವರ ‘ಎಲ್ ಡೆಫೊ’ (2014). ನಾಲ್ಕನೇ ವಯಸ್ಸಿನಲ್ಲಿ ಮೆದುಳುಪೊರೆಯ ಉರಿಯೂತ ಬಂದು ಕಿವಿ ಕಳೆದುಕೊಂಡ ಲೇಖಕಿಯ ಸ್ವಂತ ಕಥೆ. ಪಾತ್ರಗಳೆಲ್ಲ ಮೊಲಗಳು. ಎಲ್ಲರಿಗೂ ಉದ್ದುದ್ದ ಕಿವಿ, ಇವಳ ಕಿವಿಗೆ ಮಾತ್ರ ವೈರು. ಅವಳು ಎದೆಗೆ ಕಟ್ಟಿಕೊಂಡು ಹೋಗುವ ಯಂತ್ರದ ಹೆಸರು ‘ಫಾನಿಕ್ ಇಯರ್’. ಅದರ ಮೈಕು ಟೀಚರ ಕುತ್ತಿಗೆಯಲ್ಲಿ. ಟೀಚರು ಮೈಕು ತೆಗೆಯಲು ಮರೆತು ಎಲ್ಲೇ ಹೋಗಲಿ, ಅವರಾಡುವ ಮಾತು, ಮಾಡುವ ಸದ್ದು ಎಲ್ಲವೂ ಸೀಸ್‌ಗೆ ಕೇಳುತ್ತದೆ. ಶೌಚಾಲಯವೂ ಸೇರಿದಂತೆ! ಹತ್ತು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಅತಿಮಾನುಷ ಶಕ್ತಿ ಬೇಕೆ? ಟೀಚರು ಹೊರಗೆ ಹೋದಾಗ ಕ್ಲಾಸಿನವರೆಲ್ಲ ಗದ್ದಲ ಎಬ್ಬಿಸಿದರೆ, ಅವರು ಮರಳುವ ಸುದ್ದಿಯನ್ನು ಸೀಸ್ ಮುಂಚೆಯೇ ಕೊಟ್ಟು ಎಲ್ಲರನ್ನೂ ಉಳಿಸುವ ಪ್ರಸಂಗವಿದೆ. ಯಾವ ಯಂತ್ರದಿಂದ ಅವಳು ಎಲ್ಲರಿಂದ ಬೇರೆಯಾಗಿದ್ದಳೋ ಅದೇ ಅವಳನ್ನು ಕ್ಲಾಸಿನ ಹೀರೊ ಮಾಡುತ್ತದೆ.

ಬೆಲ್ ಮಾತಿನ ಗುಳ್ಳೆಗಳನ್ನು ಬಳಸುವ ರೀತಿಯನ್ನಂತೂ ಚಿತ್ರ ಬಿಡಿಸುವವರು ಕೂತು ಅಭ್ಯಾಸ ಮಾಡಬೇಕು. ಯಂತ್ರದ ಬ್ಯಾಟರಿ ಇಳಿದಂತೆ ಗುಳ್ಳೆಯೊಳಗಿನ ಅಕ್ಷರಗಳು ಮಸುಕಾಗುತ್ತವೆ, ಆಮೇಲೆ ಗುಳ್ಳೆಯೇ ಖಾಲಿ. ಕೇಳಿಸದಿರುವುದು ಹೇಗಿರುತ್ತದೆ ಎಂದು ವಿವರಿಸುವ ಗೋಜಿಗೇ ಅವರು ಹೋಗುವುದಿಲ್ಲ. ಓದುಗರಿಗೂ ಕೇಳಿಸದಂತೆ ಮಾಡಿಬಿಡುತ್ತಾರೆ. ಗೆಳತಿಯರ ಚಿತ್ರಣವೂ ಹಾಗೆಯೇ ಸೂಕ್ಷ್ಮ. ಒಬ್ಬಳು ಯಜಮಾನಿಕೆ ಮಾಡುವವಳು. ಇನ್ನೊಬ್ಬಳು ಒಳ್ಳೆಯವಳೇ, ಆದರೆ ಸೀಸ್ ಜೊತೆ ಮಾತಾಡುವಾಗ ಒಂದೊಂದೇ ಪದವನ್ನು ಎಳೆದೆಳೆದು ಕಿರುಚುತ್ತಾಳೆ. ಅವಳ ಒಳ್ಳೆಯತನವನ್ನು ಸಹಿಸುವುದೇ ಕಷ್ಟ. ಕೆಟ್ಟವರ ಕಾಟದ ಬಗ್ಗೆ ಮಕ್ಕಳ ಸಾಹಿತ್ಯ ಬೇಕಾದಷ್ಟು ಬರೆದಿದೆ. ಒಳ್ಳೆಯವರ ಕಾಟವನ್ನು ಇಷ್ಟು ನಗುತ್ತ ಬರೆದದ್ದು ಕಡಿಮೆ.

ಜೆರಿ ಕ್ರಾಫ್ಟ್ ಅವರ ‘ನ್ಯೂ ಕಿಡ್’ (2019) ಪುಸ್ತಕದ ಜಾರ್ಡನ್ ಬ್ಯಾಂಕ್ಸ್ ನ್ಯೂಯಾರ್ಕಿನ ವಾಷಿಂಗ್ಟನ್ ಹೈಟ್ಸ್‌ನ ಕಪ್ಪು ಹುಡುಗ. ಅವನಿಗೆ ಚಿತ್ರಕಲಾ ಶಾಲೆಗೆ ಹೋಗುವ ಆಸೆ. ಅಪ್ಪ ಅಮ್ಮ ಸೇರಿಸಿದ್ದು ಬಿಳಿಯರೇ ಹೆಚ್ಚಿರುವ ಖಾಸಗಿ ಶಾಲೆಗೆ. ಟೀಚರೊಬ್ಬರು ಡ್ರೂ ಎಂಬ ಹುಡುಗನನ್ನು ಮತ್ತೊಬ್ಬ ಕಪ್ಪು ವಿದ್ಯಾರ್ಥಿಯ ಹೆಸರಿನಿಂದಲೇ ಕರೆಯುತ್ತಿರುತ್ತಾರೆ. ತಿದ್ದಿದರೂ ತಪ್ಪುತ್ತಾರೆ. ಜಾರ್ಡನ್ ಮತ್ತು ಡ್ರೂ ಕಡೆಗೆ ಏನು ಮಾಡುತ್ತಾರೆಂದರೆ, ತಾವೇ ಒಬ್ಬರನ್ನೊಬ್ಬರು ಬೇಕಂತಲೇ ತಪ್ಪು ಹೆಸರಿನಿಂದ ಕರೆದುಕೊಂಡು ನಗಲು ಶುರುಮಾಡುತ್ತಾರೆ. ಅವಮಾನ ಅವರದೇ ಗುಟ್ಟಿನ ಜೋಕಾಗುತ್ತದೆ, ಗೆಳೆತನಕ್ಕೆ ಅದೇ ಬೆಸುಗೆ. ನಾನು ಹೇಳಿದ ಎರಡು ನಗುಗಳು ಇಲ್ಲಿ ಒಂದಾಗುತ್ತವೆ. ಈ ಪುಸ್ತಕ 2020ರಲ್ಲಿ, ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಪದಕ ಗೆದ್ದಿತು. 1922ರಿಂದ ಕೊಡುತ್ತಿರುವ ಈ ಪದಕ ಕಾಮಿಕ್ಸ್ ಪುಸ್ತಕವೊಂದಕ್ಕೆ ಸಂದದ್ದು ಅದೇ ಮೊದಲು. ಮರುವರ್ಷ ಟೆಕ್ಸಸ್‌ನ ಕೇಟಿ ಪಟ್ಟಣದ ಶಾಲಾ ಆಡಳಿತ ಕೆಲವು ಪೋಷಕರ ದೂರಿನ ಮೇಲೆ ಪುಸ್ತಕವನ್ನು ಕಪಾಟಿನಿಂದ ಇಳಿಸಿತು, ಪರಿಶೀಲಿಸಿ ಮತ್ತೆ ಏರಿಸಿತು. ಪೋಷಕರು ಓದಿ ದೂರಿದರೋ, ದೂರಿ ಓದಿದರೋ!

ದೂರಿನ ಪರಂಪರೆ ಹಳೆಯದು. 1954ರಲ್ಲಿ ಫ್ರೆಡ್ರಿಕ್ ವರ್ದಮ್ ಎಂಬ ಮನೋವೈದ್ಯರು ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆಂದು ದೊಡ್ಡ ಪುಸ್ತಕವನ್ನೇ ಬರೆದರು. ಅದೇ ವರ್ಷ ಪ್ರಕಾಶಕರು ಹೆದರಿ ತಮಗೆ ತಾವೇ ನೀತಿಸಂಹಿತೆ ಹಾಕಿಕೊಂಡರು. ಅರ್ಧ ಶತಮಾನದ ಬಳಿಕ ಗಾಳಿ ತಿರುಗಿತು: 2005ರಲ್ಲಿ ಸ್ಕೊಲಾಸ್ಟಿಕ್ ಸಂಸ್ಥೆ ‘ಗ್ರಾಫಿಕ್ಸ್’ ಎಂಬ ಮಕ್ಕಳ ಕಾಮಿಕ್ಸ್ ವಿಭಾಗವನ್ನು ತೆರೆಯಿತು. ಶಾಲೆಯೊಳಗೇ ನಡೆಯುವ ಪುಸ್ತಕ ಮೇಳಗಳಲ್ಲಿ ಮಕ್ಕಳು ಕಾಮಿಕ್ಸನ್ನು ತಾವೇ ಆರಿಸಿ ಕೊಳ್ಳತೊಡಗಿದರು. ಟೆಲ್ಗೆಮೈಯರ್ ಅವರ ‘ಗಟ್ಸ್’ 2019ರಲ್ಲಿ ಬಂದಾಗ ಮೊದಲ ಮುದ್ರಣವೇ ಹತ್ತು ಲಕ್ಷ ಪ್ರತಿ.

ಹೊಗಳಿದ್ದು ಸಾಕು. ಗೆದ್ದ ಪ್ರಕಾರ ಬೇಗ ಸೂತ್ರಕ್ಕೆ ಬೀಳುತ್ತದೆ, ಇದೂ ಬಿದ್ದಿದೆ. ಹಳೆಯ ಗೆಳತಿ ಠೂ ಬಿಡುತ್ತಾಳೆ, ಚೆಂದದ ಹುಡುಗಿಯೊಬ್ಬಳು ಕಾಟ ಕೊಡುತ್ತಾಳೆ, ವಿಚಿತ್ರವಾದ ಹೊಸ ಗೆಳತಿ ಸಿಗುತ್ತಾಳೆ, ಕೊನೆಗೆ ಒಂದು ಪ್ರದರ್ಶನ. ಇನ್ನೊಂದು ತೊಡಕು ಆಳದ್ದು. ಈ ಕಥೆಗಳ ನಾಯಕಿಯರು ದೊಡ್ಡವರಾಗಿ ಲೇಖಕಿಯರೋ ಚಿತ್ರಕಾರರೋ ಆದವರು. ಸೋತವರ ಚರಿತ್ರೆ ಎಂದು ಹೇಳಿಕೊಂಡರೂ ಬರೆದದ್ದು ಗೆದ್ದವರು. ಸಾಲಿನ ತುದಿಯಲ್ಲೇ ಉಳಿದ, ಬರೆಯಲೂ ಬಾರದ, ಬಿಡಿಸಲೂ ಬಾರದ ಮಗುವಿನ ಪುಸ್ತಕ ಎಲ್ಲಿದೆ? ಸ್ವೆಟ್ಲಾನಾ ಚ್ಮಾಕೊವಾ ಅವರ ‘ಆಕ್ವರ್ಡ್’ (2015) ಸೂತ್ರವನ್ನು ಸ್ವಲ್ಪ ಮುರಿಯುತ್ತದೆ. ಅಲ್ಲಿ ಪೆಪಿ ಎಂಬ ಹುಡುಗಿ, ಎಲ್ಲರೂ ಕೀಟಲೆ ಮಾಡಿದಾಗ ಗಾಬರಿಯಾಗಿ, ತನಗೆ ಸಹಾಯ ಮಾಡಲು ಬಂದ ಹುಡುಗನನ್ನೇ ನೂಕಿಬಿಡುತ್ತಾಳೆ. ನೂಕಿಸಿಕೊಂಡವನದಲ್ಲ, ನೂಕಿದವಳ ಕಥೆ. ನಮ್ಮಲ್ಲಿ ಬಹುಪಾಲು ಮಂದಿ ಪೆಪಿಯ ಕಡೆಯವರು. ಮತ್ತೊಂದು: ‘ಸ್ಮೈಲ್’, ‘ರಿಯಲ್ ಫ್ರೆಂಡ್ಸ್’, ‘ಎಲ್ ಡೆಫೊ’ ಮೂರೂ 1970ರ ದಶಕದಿಂದ 1990ರ ದಶಕದ ಆರಂಭದವರೆಗಿನ ನೆನಪುಗಳು. ಅಲ್ಲಿ ಗಂಟೆ ಹೊಡೆದು ಮನೆಗೆ ಬಂದರೆ ಅವತ್ತಿನ ಅವಮಾನ ಮುಗಿಯುತ್ತಿತ್ತು. ಈಗ ಅದು ಫೋನಿನಲ್ಲಿ ಮನೆಗೂ ಬರುತ್ತದೆ.

ಕನ್ನಡಕ್ಕೆ ಈ ವಿಷಯ ಹೊಸದಲ್ಲ, ನಮ್ಮ ನೆಲಕ್ಕಂತೂ ಅಲ್ಲ. ಮೈಸೂರಿನಲ್ಲಿ ಕೂತು ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ನೆನೆಸಿಕೊಳ್ಳಿ. ಪೊಲೀಸ್ ಸೂಪರಿಂಟೆಂಡೆಂಟರ ಮಗ ರಾಜಂ ಶಾಲೆಗೆ ಬಂದ ಮೇಲೆ ಸ್ವಾಮಿ ಅವನ ಹಿಂದೆ ಬೀಳುತ್ತಾನೆ, ಹಳೆಯ ಗೆಳೆಯರು ಅವನನ್ನು ರಾಜಂನ ಬಾಲ ಎಂದು ಹಂಗಿಸುತ್ತಾರೆ. ಹೇಲ್ ಅವರ ಸಾಲು ಅಲ್ಲೂ ಇದೆ. ಕಾಮಿಕ್ಸ್ ಕೂಡ ನಮಗೆ ಅಪರಿಚಿತವಲ್ಲ. ಅಮರ ಚಿತ್ರಕಥೆ ಮೊದಲು ಬಂದದ್ದೇ ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಆಸಕ್ತಿಯಿಂದ. ಆ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಿನ್ನರಕಥೆಗಳ ಅನುವಾದ. ಕಾರ್ಕಳದ ಅನಂತ ಪೈ ಅವರ ಇಂಗ್ಲಿಷ್ ‘ಕೃಷ್ಣ’ನಿಗೆ 11ನೇ ನಂಬರು ಬಂದದ್ದು ಹಾಗೆ. ಅಲ್ಲಿಂದ ನಮ್ಮ ಚಿತ್ರಕಥೆ ದೇವರು, ರಾಜರು, ವೀರರ ದಾರಿ ಹಿಡಿಯಿತು. ಏಳನೇ ಕ್ಲಾಸಿನ ಹಿಂದಿನ ಬೆಂಚಿಗೆ ಅಲ್ಲಿ ಜಾಗವಾಗಲಿಲ್ಲ.

ಇಲ್ಲಿ ಬರೆದರೆ ಅದು ಅಮೆರಿಕದ ನಕಲಾಗಬಾರದು. ಅಲ್ಲಿಯ ಮಕ್ಕಳು ಪಿರಿಯಡ್‌ಗೊಂದು ಕೋಣೆ ಬದಲಿಸುತ್ತಾರೆ, ಕೆಫೆಟೇರಿಯದಲ್ಲಿ ತಟ್ಟೆ ಹಿಡಿದು ಯಾವ ಮೇಜಿಗೆ ಹೋಗುವುದೆಂದು ದಿನವೂ ಪರದಾಡುತ್ತಾರೆ. ನಮ್ಮಲ್ಲಿ ಬೆಂಚು ಎಷ್ಟೋ ಕಡೆ ಟೀಚರು ಎತ್ತರ ನೋಡಿ ಕೊಟ್ಟದ್ದು. ನಮ್ಮ ಲೆಕ್ಕ ಬೇರೆ ಜಾಗಗಳಲ್ಲಿ ನಡೆಯುತ್ತದೆ. ಹುಟ್ಟುಹಬ್ಬದ ದಿನ ಬಣ್ಣದ ಬಟ್ಟೆ ಹಾಕಿ ಬಂದ ಮಗು ಚಾಕ್ಲೇಟ್ ಡಬ್ಬಿ ಹಿಡಿದು ಬೇರೆ ಕ್ಲಾಸುಗಳಿಗೆ ಹೋಗುವಾಗ ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದು. ಯಾರನ್ನು? ಆ ಒಂದು ನಿಮಿಷ ಇಡೀ ಕ್ಲಾಸು ಉಸಿರು ಹಿಡಿದು ಕೂತಿರುತ್ತದೆ. ಟೀಚರಿಲ್ಲದಾಗ ಮಾನಿಟರು ಬೋರ್ಡಿನ ಮೇಲೆ ಮಾತಾಡಿದವರ ಹೆಸರು ಬರೆಯುತ್ತಾನೆ. ಯಾರ ಹೆಸರು ಅಳಿಸುತ್ತಾನೆ, ಯಾರ ಹೆಸರಿನ ಮುಂದೆ ಇನ್ನೊಂದು ಗೆರೆ ಎಳೆಯುತ್ತಾನೆ ಎಂಬುದರಲ್ಲಿ ಒಂದು ರಾಜ್ಯಶಾಸ್ತ್ರವೇ ಇದೆ. ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಬಂದ ಮಗು ಮೊದಲ ವಾರ ಯಾವ ಭಾಷೆಯಲ್ಲಿ ನಗುತ್ತದೆ ಎಂಬುದೂ ಒಂದು ಇಡೀ ಪುಸ್ತಕಕ್ಕಾಗುವ ಸರಕು.

ಬಣ್ಣದ ಮುದ್ರಣ ದುಬಾರಿ ಎಂದು ಪ್ರಕಾಶಕರು ಹೇಳುತ್ತಾರೆ. ನಿಜ. ಆದರೆ ಕಿನ್ನಿಯವರ ಪುಸ್ತಕ ಗೆರೆ ಹಾಕಿದ ನೋಟ್‌ಬುಕ್ಕಿನಂಥ ಪುಟಗಳಲ್ಲಿ, ಬರೀ ಕಪ್ಪು ಗೆರೆಯ ಚಿತ್ರಗಳಲ್ಲೇ ಜಗತ್ತು ಸುತ್ತಿತು. ‘ನ್ಯೂ ಕಿಡ್’ನಲ್ಲಿ ಜಾರ್ಡನ್‌ನ ಸ್ಕೆಚ್ ಪುಸ್ತಕದ ಪುಟಗಳೂ ಕಪ್ಪು ಬಿಳುಪೇ, ಅತಿ ಹರಿತವಾದ ಪುಟಗಳೂ ಅವೇ. ನಾನು ಕೇಳಿಕೊಳ್ಳುವುದು ಬೇರೆ. ನಮ್ಮಲ್ಲಿ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರಿಗೆ ಚಿತ್ರಕ್ಕಿಷ್ಟು ಎಂದು ಕೊಟ್ಟು ಲೆಕ್ಕ ಚುಕ್ತಾ ಮಾಡುವುದೇ ಹೆಚ್ಚು. ಹೆಸರು ಒಳಪುಟದ ಮೂಲೆಗೆ. ‘ರಿಯಲ್ ಫ್ರೆಂಡ್ಸ್’ನ ಮುಖಪುಟದಲ್ಲಿ ಹೇಲ್ ಮತ್ತು ಫಾಮ್ ಇಬ್ಬರ ಹೆಸರೂ ಇವೆ. ಇಂಥ ಪುಸ್ತಕ ಕನ್ನಡದಲ್ಲಿ ಬರಬೇಕಾದರೆ ಬರೆಯುವವರೂ ಬಿಡಿಸುವವರೂ ವರ್ಷಗಟ್ಟಲೆ ಜೊತೆಗೆ ಕೂರಬೇಕು. ಈ ಸಭೆಯಲ್ಲಿರುವ ಅಕಾಡೆಮಿ, ಪ್ರಕಾಶನಗಳ ಮಿತ್ರರು ಆ ಜೋಡಿಯನ್ನು ಹುಡುಕಿ, ಕರಾರುಪತ್ರದಲ್ಲಿ ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದು, ಮುಂಗಡ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.