ಮನೋರೋಗಿಯ ಪರವಾಗಿ ನುಡಿಯುವವರು



ಜ್ವರ ಬಂದವನು ಈ ಔಷಧವು ತನಗೆ ಒಗ್ಗುವದಿಲ್ಲವೆಂದರೆ ವೈದ್ಯನು ಬೇರೆ ಔಷಧವನ್ನು ವಿಚಾರಿಸುವನು. ಚಿತ್ತಭ್ರಮೆಯುಳ್ಳವನು ಅದೇ ಮಾತನ್ನಾಡಿದರೆ ಆ ಮಾತೇ ರೋಗದ ಲಕ್ಷಣವೆಂದು ಎಣಿಸಲ್ಪಡುವದುಂಟು. ಅವನ ಕಷ್ಟದೊಳಗಿನ ಕಷ್ಟವು ಇದೇ ಆಗಿರುತ್ತದೆ.

ಇದನ್ನು ಸ್ವತಃ ಅನುಭವಿಸಿ ಲೋಕಕ್ಕೆ ತಿಳಿಸಿದವರಲ್ಲಿ ಇಂಗ್ಲಂಡ ದೇಶದ ಜಾನ್ ಪರ್ಸಿವಲ್ ಎಂಬವನೊಬ್ಬನು. 1812ರಲ್ಲಿ ಕೊಲೆಯಾದ ಪ್ರಧಾನಮಂತ್ರಿಯ ಮಗನು, ದಂಡಿನಲ್ಲಿ ಅಧಿಕಾರಿಯಾಗಿದ್ದವನು. ಅವನ ಬುದ್ಧಿ ಕೆಡಲು, 1831ರಲ್ಲಿ ಮನೆಯವರು ಅವನನ್ನು ಬ್ರಿಸ್ಟಲ್ ನಗರದ ಸಮೀಪದ ಚಿಕಿತ್ಸಾಗೃಹವೊಂದರಲ್ಲಿ ಇರಿಸಿದರು. ಅಲ್ಲಿ ಅವನನ್ನು ಹಾಸಿಗೆಗೆ ಬಿಗಿದರು, ತಣ್ಣೀರಿನಲ್ಲಿ ಮುಳುಗಿಸಿದರು. ರೋಗವಿದ್ದುದು ನಿಜ, ಅದನ್ನು ಅವನು ಮುಚ್ಚಿಡಲಿಲ್ಲ. ಆದರೆ ಬುದ್ಧಿಯು ತಿಳಿಯಾಗುತ್ತ ಬಂದ ಮೇಲೂ ಅವನ ಮಾತಿಗೆ ಕಿವಿಗೊಡುವವರಿರಲಿಲ್ಲ. 1834ರಲ್ಲಿ ಬಿಡುಗಡೆ ಹೊಂದಿ, ತನ್ನ ವೃತ್ತಾಂತವನ್ನು 1838ರಲ್ಲಿಯೂ 1840ರಲ್ಲಿಯೂ ಗ್ರಂಥರೂಪವಾಗಿ ಪ್ರಕಟಿಸಿದನು. 1845ರಲ್ಲಿ ಇತರರೊಡನೆ ಕೂಡಿ ಹುಚ್ಚರೆನಿಸಿಕೊಂಡವರ ಮಿತ್ರಸಂಘವನ್ನು ಕಟ್ಟಿದನು. 'ಹುಚ್ಚರ' ಎನ್ನದೆ 'ಹುಚ್ಚರೆನಿಸಿಕೊಂಡವರ' ಎಂದು ಹೆಸರಿಟ್ಟುದು ಲಕ್ಷ್ಯದಲ್ಲಿಡತಕ್ಕದ್ದು. ಒಳಗಿದ್ದವರ ದೂರುಗಳನ್ನು ಅಧಿಕಾರಿಗಳ ಮುಂದಿಡುವದು ಆ ಸಂಘದವರ ಕೆಲಸವಾಗಿತ್ತು.

ಇಂಥ ನೆರವು ಆ ದೇಶದ ಕಾಯಿದೆಯಲ್ಲಿ ಸೇರಲು ಬಹುಕಾಲ ಹಿಡಿಯಿತು. 2007ರ ಕಾಯಿದೆಯ ಮೇರೆಗೆ, 2009ರ ಎಪ್ರಿಲ್ ತಿಂಗಳಿಂದ, ಒತ್ತಾಯದಿಂದ ಆಸ್ಪತ್ರೆಯಲ್ಲಿರಿಸಲ್ಪಟ್ಟವರಿಗೆ ಸ್ವತಂತ್ರ ಪಕ್ಷವಾದಿಗಳ ಏರ್ಪಾಟಾಯಿತು. ಇವರು ರೋಗಿಯೊಡನೆ ಏಕಾಂತದಲ್ಲಿ ಮಾತಾಡಬಹುದು. ವೈದ್ಯರನ್ನು ಕಂಡು ವಿಚಾರಿಸಬಹುದು. ರೋಗಿಯು ಒಪ್ಪಿದರೆ ಅವನ ಕಾಗದಪತ್ರಗಳನ್ನು ನೋಡಬಹುದು. ಚಿಕಿತ್ಸೆಯಲ್ಲಿ ಕೈಯಿರುವವನು ಈ ಕೆಲಸಕ್ಕೆ ಸಲ್ಲನು. ರೋಗಿಗೆ ಹಿತವಾವುದೆಂದು ನಿರ್ಣಯಿಸುವದು ಇವರ ಹೊಣೆಯಲ್ಲ. ಅವನ ಇಚ್ಛೆಯೇನೆಂಬುದನ್ನು ತಿಳಿದು ಅದನ್ನು ಕೇಳಿಸುವಷ್ಟೇ ಹೊಣೆ.

ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಗೆ ಖರ್ಚಿಲ್ಲದೆ ಕಾನೂನಿನ ನೆರವು ಪಡೆಯುವ ಹಕ್ಕನ್ನು ಕೊಟ್ಟಿದೆ. ತನ್ನ ಪ್ರತಿನಿಧಿಯನ್ನು ತಾನೇ ನೇಮಿಸುವ ಅಧಿಕಾರವನ್ನೂ ಕೊಟ್ಟಿದೆ. ಯಾರನ್ನೂ ನೇಮಿಸದಿದ್ದರೆ ಮೊದಲು ಆ ಸ್ಥಾನಕ್ಕೆ ಬರುವವನು ಸಂಬಂಧಿಕನು. ಬಂಧುಗಳು ವೈರಿಗಳೇನಲ್ಲ, ಹಗಲಿರುಳು ಸೇವೆ ಮಾಡಿ ಬಳಲುವವರು ಅವರೇ. ಆದರೂ ಹೊಲಮನೆಗಳ ಪಾಲಿನ ಮಾತು ನಡುವೆ ಬಂದಾಗ, ಇಲ್ಲವೆ ಬರಿಯ ದಣಿವಿನಿಂದಲೇ, ಅವರ ಇಚ್ಛೆಯೊಂದು ರೋಗಿಯ ಇಚ್ಛೆಯೊಂದು ಆಗುವದುಂಟು. ಆದುದರಿಂದ ಬುದ್ಧಿಯು ಸ್ವಸ್ಥವಾಗಿರುವ ದಿನಗಳಲ್ಲಿಯೇ, ನಂಬಿಕೆಯುಳ್ಳ ಒಬ್ಬ ಪ್ರಾಯಸ್ಥನ ಹೆಸರನ್ನು ಬರೆದಿಡುವಂತೆ ರೋಗಿಗೆ ಮನೆಯವರೇ ತಿಳಿಸತಕ್ಕದ್ದು. ಮುದ್ರೆಯ ಕಾಗದವು ಬೇಕಿಲ್ಲ. ಸಾದಾ ಕಾಗದದ ಮೇಲೆ ಬರೆದು ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಒತ್ತಿದರೆ ಸಾಕು. ಬೇಡವೆನಿಸಿದಾಗ ಅದನ್ನು ಬದಲಿಸುವ ಅಧಿಕಾರವೂ ಅವನದೇ ಆಗಿರುತ್ತದೆ.